ಆಂದೋರ್ ಕೇಳದೆ ಬಿಟ್ಟ ಪ್ರಶ್ನೆ

ಮೇಜಿನ ಮೇಲಿದ್ದ ಅವನ ಫೋನು ಗುರ್ರೆಂದಿತು. ಪರದೆಯ ಮೇಲೆ ‘ಇಸಾಕ್ ಅಲ್ತಾರಾಟ್ಸ್’ ಎಂಬ ಹೆಸರು ಮೂಡಿತು. ಆ ಹೆಸರು ತನ್ನದೆಂದು ಅವನು ನನಗೆ ಹೇಳಿ ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

“ನಿಮ್ಮ ಹೆಸರಿನವರೇ ನಿಮಗೆ ಫೋನ್ ಮಾಡ್ತಿದಾರಲ್ಲ,” ಎಂದೆ.

“ನಮ್ಮಜ್ಜ. ಸರಾಯೆವೊದಿಂದ. ಶುಕ್ರವಾರ ಮಧ್ಯಾಹ್ನ ಮಾಡೇ ಮಾಡ್ತಾರೆ. ಅವರ ಹೆಸರನ್ನೇ ನನಗಿಟ್ಟಿರೋದು.”

“ಅಂದ್ರೆ ಬದುಕಿದಾರೆ.”

“ಬದುಕಿರೋದಕ್ಕೇ ಅಲ್ವೇನ್ರೀ ಫೋನ್ ಮಾಡ್ತಿರೋದು?”

ಸಿಕ್ಕಿಬಿದ್ದೆಯಲ್ಲ ಮಗನೇ ಎಂದುಕೊಂಡೆ ಮನಸ್ಸಿನಲ್ಲೇ. ಇಷ್ಟು ದಿನ ನಿದ್ದೆಗೆಡಿಸಿದ ಕಳ್ಳ, ದೋಬ್ ಬೀದಿಯ ಈ ಮಿಠಾಯಿ ಅಂಗಡಿಯಲ್ಲಿ, ಗಸಗಸೆ ಕೇಕಿನ ತಟ್ಟೆಯ ಮುಂದೆ, ತನ್ನ ಬಾಯಿಂದಲೇ ಸಿಕ್ಕಿಬಿದ್ದಿದ್ದ. ನನ್ನ ಬೆನ್ನ ಹಿಂದಿನ ಮೇಜಿನಲ್ಲಿ ಮುಖ ಆಚೆ ತಿರುಗಿಸಿ ಕೂತಿದ್ದ ಬ್ಲಾಂಕಾ ಚಮಚವನ್ನು ತಟ್ಟೆಯ ಮೇಲೆ ಇಟ್ಟ ಸದ್ದು ಕೇಳಿಸಿತು. ಅವಳಿಗೂ ಅರ್ಥವಾಗಿತ್ತು.

ನಮ್ಮಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಮೃತ್ಯುದೂತ ಮುದುಕನ ಹೆಸರು ಹಿಡಿದು ಮನೆ ಹುಡುಕಿಕೊಂಡು ಬಂದು, ತಪ್ಪಿ ತೊಟ್ಟಿಲಿಗೆ ಕೈ ಹಾಕಿಯಾನು ಎಂಬ ಭಯ. ದೇವರನ್ನು ನಂಬದ ನಮ್ಮಪ್ಪ ಕೂಡ ಇದೊಂದನ್ನು ನಂಬುತ್ತಿದ್ದ. ಬುಡಾಪೆಸ್ಟಿನ ಯಾವ ಯೆಹೂದಿ ಮನೆಯಲ್ಲಿ ಬೇಕಾದರೂ ಕೇಳಿ ನೋಡಿ, ಹಂದಿ ತಿನ್ನುವ ಮನೆಯಲ್ಲೂ ಈ ಒಂದು ವಿಷಯಕ್ಕೆ ಎಲ್ಲರೂ ಹೆದರುತ್ತಾರೆ.

“ರೀ ಸ್ವಾಮಿ, ಯೆಹೂದಿಯ ವೇಷ ಹಾಕೋಕೆ ಮುಂಚೆ ಸ್ವಲ್ಪ ಓದ್ಕೊಂಡು ಬರಬೇಕಿತ್ತು,” ಎಂದೆ. “ಬದುಕಿರೋ ಅಜ್ಜನ ಹೆಸರು ಮೊಮ್ಮಗನಿಗಿಡೋ ಯೆಹೂದಿ ಇನ್ನೂ ಹುಟ್ಟಿಲ್ಲ. ನೀವು ಇಸಾಕೂ ಅಲ್ಲ, ಯೆಹೂದಿಯೂ ಅಲ್ಲ. ಆಂದೋರ್ ರೋನಾಯ್ ಅನ್ನೋದು ನೀವೇ.”

ಅವನು ಫೋನನ್ನು ಮುಟ್ಟಲಿಲ್ಲ. ಅದು ಗುರ್‌ಗುಟ್ಟಿ ಗುರ್‌ಗುಟ್ಟಿ ಸುಮ್ಮನಾಯಿತು.

ಆಂದೋರ್ ರೋನಾಯ್. ನಮ್ಮೂರಿನ ಯೆಹೂದಿ ಹುಡುಗ ಹುಡುಗಿಯರು ಜೋಡಿ ಹುಡುಕಿಕೊಳ್ಳಲೆಂದು ಇರುವ ‘ಚಪ್ಪರ’ ಎಂಬ ಆ್ಯಪಿನಲ್ಲಿ ಮೂವರು ಹುಡುಗಿಯರ ಮನಸ್ಸು ಕದ್ದವನು, ಮೂವರ ಬಾಯಿಂದಲೂ ಮನೆಯ ಗುಟ್ಟು ಹೊರಡಿಸಿದವನು, ಆಮೇಲೆ ಆ ಗುಟ್ಟನ್ನು ಊರಿಗೆಲ್ಲ ಹಂಚಿದವನು. ಅವನ ಹೆಸರಿನ ಪಕ್ಕದಲ್ಲಿದ್ದ ಮುಖ ಈಗ ನನ್ನೆದುರಿಗಿತ್ತು.

ಆ ‘ಚಪ್ಪರ’ದ ಬಗ್ಗೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ನನ್ನ ಅಮ್ಮ ಮೂರು ವರ್ಷದ ಹಿಂದೆ ನನ್ನ ಫೋನು ಕಿತ್ತುಕೊಂಡು ನನ್ನನ್ನೂ ಅದರಲ್ಲಿ ಸೇರಿಸಿದ್ದಳು. ಒಳಗೆ ಹೋದರೆ ಮೊದಲ ಪ್ರಶ್ನೆಯೇ ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ ಇಟ್ಟಿದ್ದೀರಾ ಎಂದು. ಎರಡನೆಯದು ಯಾವ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತೀರಿ ಎಂದು. ನನಗೆ ಇರುವುದು ಒಂದು ಬಾಣಲೆ, ಅದರಲ್ಲಿ ಮೊಟ್ಟೆ ಬಿಟ್ಟು ಬೇರೇನೂ ಬೇಯುವುದಿಲ್ಲ. ಇನ್ನು ಗಂಡಸರು. ಒಬ್ಬ ನನ್ನ ಹಳೇ ಸ್ನೇಹಿತೆಯ ಹಳೇ ಗಂಡ, ಇನ್ನೊಬ್ಬ ನನ್ನ ದೊಡ್ಡಪ್ಪನ ಮೊಮ್ಮಗ, ಮತ್ತೊಬ್ಬ ಮೊದಲ ಭೇಟಿಗೇ ತಾಯಿಯನ್ನು ಕರೆದುಕೊಂಡು ಬಂದ. ಆ ತಾಯಿ ನನ್ನ ಸೊಂಟದ ಅಳತೆ ನೋಡಿದ್ದನ್ನು ನಾನಿನ್ನೂ ಮರೆತಿಲ್ಲ.

ಇಷ್ಟು ಚಿಕ್ಕ ಕೊಳದಲ್ಲಿ ಆಂದೋರ್‌ನಂಥ ಮೀನು ಬಂದರೆ ಹುಡುಗಿಯರು ಏನು ಮಾಡಬೇಕು? ಸುಂದರ, ಮಾತು ಬಲ್ಲವನು, ಬರೆದದ್ದನ್ನು ಓದುವವನು. ಧ್ವನಿ ಮಾತ್ರ ಯಾರಿಗೂ ಕೇಳಿಸಲಿಲ್ಲ. ತನಗೆ ಮಾತಾಡಲು ನಾಚಿಕೆ, ನೀವು ಮಾತಾಡಿ, ನಾನು ಬರೆಯುತ್ತೇನೆ ಎನ್ನುತ್ತಿದ್ದ. ಮೂವರಿಗೂ ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳಿದ್ದ, ತುಂಬ ನಯವಾಗಿ: ನಿಮ್ಮ ಅಮ್ಮನ ಅಮ್ಮ ಯಾರ ಮಗಳು?

ನಮ್ಮಲ್ಲಿ ಕುಲ ತಾಯಿಯ ಕಡೆಯಿಂದ. ಅಪ್ಪ ಎಷ್ಟೇ ದೊಡ್ಡ ಯೆಹೂದಿಯಾಗಿರಲಿ, ತಾಯಿಯ ತಾಯಿ ಬೇರೆಯವಳಾಗಿದ್ದರೆ ಮೊಮ್ಮಗಳು ಹೊಸ್ತಿಲಾಚೆ. ಈ ಊರಿನಲ್ಲಿ ಯುದ್ಧದ ನಂತರ ಯಾರು ಯಾರನ್ನು ಮದುವೆಯಾದರು, ಯಾರು ಯಾರ ಮಗುವನ್ನು ಎತ್ತಿ ಸಾಕಿದರು ಎಂದು ಕೆದಕಲು ಹೊರಟರೆ ಅರ್ಧ ಊರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೇ ಮರ್ಯಾದಸ್ಥರು ಕೇಳುವುದಿಲ್ಲ. ಆಂದೋರ್ ಕೇಳಿದ.

ಬ್ಲಾಂಕಾ ಗಾರ್ದೋಶ್ ಉತ್ತರ ಹೇಳಿದಳು. ಅವಳಿಗೆ ಇಪ್ಪತ್ತಾರು, ಯೆಹೂದಿ ಶಿಶುವಿಹಾರದಲ್ಲಿ ಟೀಚರು. ತನ್ನ ಅಜ್ಜಿ ರೊಜಾಲಿಯಾ ಕ್ಯಾಥೊಲಿಕ್ ಅಗಸಗಿತ್ತಿಯ ಮಗಳು, ಯುದ್ಧದ ಕಾಲದಲ್ಲಿ ಯೆಹೂದಿ ತಾತನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಉಳಿಸಿದವಳು, ಆಮೇಲೆ ಅವನನ್ನೇ ಮದುವೆಯಾಗಿ ಸಾಯುವವರೆಗೂ ಪ್ರತಿ ಶುಕ್ರವಾರ ದೀಪ ಹಚ್ಚಿದವಳು, ಆದರೆ ಯೆಹೂದಿಯಾಗಲು ಮುಳುಗಬೇಕಾದ ಮತಾಂತರದ ಕೊಳದಲ್ಲಿ ಎಂದೂ ಮುಳುಗಲಿಲ್ಲ, ಯಾರೂ ಅವಳನ್ನು ಕೇಳಲೂ ಇಲ್ಲ ಎಂದು ತನ್ನ ಧ್ವನಿಯಲ್ಲೇ ಹೇಳಿ ಫೋನಿನಲ್ಲಿ ಕಳಿಸಿದಳು. ಅಳುತ್ತಾ ಹೇಳಿದ್ದಳು. ಅವನನ್ನು ಮದುವೆಯಾಗುವ ಆಸೆ ಇತ್ತು, ಮುಚ್ಚಿಟ್ಟು ಮದುವೆಯಾಗುವ ಮನಸ್ಸಿರಲಿಲ್ಲ.

ಆ ಅಳು ಹೋದ ವಾರ ಶಿಶುವಿಹಾರದ ತಾಯಂದಿರ ಗುಂಪಿನಲ್ಲಿ ಎಲ್ಲರ ಫೋನಿಗೂ ಬಂತು. ಹೊಸ ನಂಬರಿನಿಂದ, ಹೆಸರಿಲ್ಲದೆ. ಬರುವ ಭಾನುವಾರ ಶಿಶುವಿಹಾರದ ಸಮಿತಿ ಸೇರಿ, ಮಕ್ಕಳಿಗೆ ದೀಪದ ಪ್ರಾರ್ಥನೆ ಹೇಳಿಕೊಡಲು ಬ್ಲಾಂಕಾ ತಕ್ಕವಳೇ ಎಂದು ತೀರ್ಮಾನ ಮಾಡುತ್ತದಂತೆ. ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೆ ಅವಳ ಅಜ್ಜಿಯ ಕುಲಗೋತ್ರ ಕಟ್ಟಿಕೊಂಡು ಏನಾಗಬೇಕು? ಮುಖ್ಯೋಪಾಧ್ಯಾಯಿನಿ ಯೊಲಾನ್ ಅವರನ್ನು ನಾನು ಇದನ್ನೇ ಕೇಳಿದಾಗ ಅವರು ಕಿಟಕಿ ಒರೆಸುವವಳ ಹಾಗೆ ನನ್ನ ಮುಖದ ಆಚೆ ನೋಡಿದರು. ‘ಚಪ್ಪರ’ ನಡೆಸುವ ಎಂಡ್ರೆ ಲಾಕೋಶ್ ಅಂತೂ, ಸದಸ್ಯರ ಗುಟ್ಟು ಕಾಯುವುದು ತನ್ನ ಧರ್ಮ ಎಂದು ನನಗೇ ಪಾಠ ಹೇಳಿದ. ನಗಬೇಕೋ ಹೊಡೆಯಬೇಕೋ ಗೊತ್ತಾಗಲಿಲ್ಲ.

ಭಾನುವಾರ ಆ ಕಳ್ಳನನ್ನು ಸಮಿತಿಯ ಮುಂದೆ ನಿಲ್ಲಿಸುತ್ತೇನೆ ಎಂದು ಬ್ಲಾಂಕಾಗೆ ನಾನು ಮಾತು ಕೊಟ್ಟಿದ್ದೆ. ಅವನು ಯಾರೇ ಆಗಿರಲಿ ಎಂದೂ ಸೇರಿಸಿದ್ದೆ.

ಆಂದೋರ್‌ನ ಒಂದು ಫೋಟೊದಲ್ಲಿ ಉಗುರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಮೇಣ ಕಾಣುತ್ತಿತ್ತು. ಈಗಿನ ಈ ಪತ್ತೇದಾರಿ ಕೆಲಸಕ್ಕೆ ಮುಂಚೆ, ವಿಮಾ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಡುತ್ತಿದ್ದ ಕಾಲದಲ್ಲಿ ನಾನು ಹಲ್ಲಿನ ಸೆಟ್ಟು ಮಾಡುವವರ ಕೈಗಳನ್ನು ಸಾಕಷ್ಟು ನೋಡಿದ್ದೆ. ಆ ಮೇಣ ಅವರದೇ. ಹಲ್ಲು ಕಟ್ಟುವ ಕಾರ್ಖಾನೆಗಳನ್ನು ಒಂದೊಂದಾಗಿ ಸುತ್ತಿ, ಕಡೆಗೆ ಈ ಮುಖವನ್ನು ಹಿಡಿದು, ಕೇಕು ಕೊಡಿಸುತ್ತೇನೆಂದು ಕರೆತಂದಿದ್ದೆ. ಈಗ ಆಂದೋರ್‌ನ ಪುಟವನ್ನು ನನ್ನ ಫೋನಿನಲ್ಲಿ ತೆರೆದು ಅವನ ಮುಂದಿಟ್ಟೆ.

“ಆ ಫೋಟೊ ನಂದೇ,” ಎಂದ ಅವನು. “ಆ ಹೆಸರು ನಂದಲ್ಲ. ಈ ಆ್ಯಪನ್ನ ನಾನು ಕಣ್ಣಲ್ಲೂ ನೋಡಿಲ್ಲ.”

“ಅದನ್ನ ಇವಳ ಮುಂದೆ ಹೇಳಿ,” ಎಂದೆ.

ಬ್ಲಾಂಕಾ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಅವಳ ಅಜ್ಜಿಯ ಗುಟ್ಟು ಊರಿಗೆಲ್ಲ ಹರಡಿ ಅವಳ ಕೆಲಸಕ್ಕೆ ಸಂಚಕಾರ ಬಂದದ್ದನ್ನು ನಾನು ಅವನಿಗೆ ಎರಡು ಮಾತಿನಲ್ಲಿ ಹೇಳಿದೆ. ಅವನನ್ನು ನೇರವಾಗಿ ನೋಡಿದಳು. ಐದು ತಿಂಗಳು ರಾತ್ರಿ ಮಲಗುವ ಮುನ್ನ ನೋಡಿದ್ದ ಮುಖ. ಬೈಯುತ್ತಾಳೆ, ಕಾಫಿ ಎರಚುತ್ತಾಳೆ ಎಂದು ನಾನು ಕಾದೆ, ಎರಚಲಿ ಎಂದೂ ಆಸೆಪಟ್ಟೆ. ಅವಳು ಅವನ ಮುಖದಲ್ಲಿ ಗುರುತಿನ ಒಂದು ಎಳೆಗಾಗಿ ಹುಡುಕಿದಳು. ಸಿಗಲಿಲ್ಲ ಎಂದು ಕಾಣುತ್ತದೆ, ಕಣ್ಣು ಕೆಳಗೆ ಮಾಡಿದಳು.

“ಇವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ ಅಕ್ಕ,” ಎಂದಳು ಮೆಲ್ಲಗೆ.

“ನಾಟಕ ಕಣೇ. ಅಜ್ಜನ ಹೆಸರಿನಲ್ಲೇ ಸಿಕ್ಕಿಬಿದ್ದಿದಾನೆ, ಇನ್ನೇನು ಬೇಕು?”

ಆಗ ಅವನಿಗೆ ಕೋಪ ಬಂತು. ಕಿರುಚಲಿಲ್ಲ. ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಫೋನು ಕೈಗೆತ್ತಿಕೊಂಡು ಅಜ್ಜನಿಗೆ ತಿರುಗಿ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ನಡುವೆ ಇಟ್ಟ. ಆ ಕಡೆಯಿಂದ ಒಬ್ಬ ಮುದುಕ ಕೆಮ್ಮಿ, ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಅಂದ. ಹಳೇ ಸ್ಪ್ಯಾನಿಷಿನ ಹಾಗಿತ್ತು. ಇಸಾಕ್ ಅವನಿಗೆ ನನ್ನ ಆರೋಪವನ್ನು ಹೇಳಿ, ಉತ್ತರವನ್ನು ನಮಗೆ ಹಂಗೇರಿಯನ್‌ನಲ್ಲಿ ತಿರುಗಿಸಿ ಹೇಳಿದ.

“ಕೇಳಿ. ನಾನು ಸತ್ತ ಮೇಲೆ ನನ್ನ ಹೆಸರಿಟ್ಟಿದ್ರೆ, ಆ ಹೆಸರು ಕೂಗೋ ಸುಖ ನನಗೆಲ್ಲಿರ್ತಿತ್ತು ಅಂತ ಕೇಳ್ತಿದಾರೆ. ನಮ್ಮನ್ನ ಸ್ಪೇನಿನಿಂದ ಓಡಿಸಿದಾಗ ನಮ್ಮ ಹತ್ರ ಹೆಸರು ಬಿಟ್ಟು ಬೇರೇನೂ ಇರಲಿಲ್ಲ. ಅದಕ್ಕೆ ನಮ್ಮಲ್ಲಿ ಬದುಕಿರೋ ಅಜ್ಜನಿಗೇ ಮೊದಲ ಮರ್ಯಾದೆ. ಮೊದಲ ಮೊಮ್ಮಗನಿಗೆ ಅವರ ಹೆಸರಿಡದಿದ್ರೆ ಅವರು ನಮ್ಮನೆ ಹೊಸ್ತಿಲು ತುಳೀತಿರಲಿಲ್ಲ.”

ಮುದುಕ ಮತ್ತೇನೋ ಅಂದು ನಕ್ಕ. ಇಷ್ಟು ಜೋರು ಮಾಡುವ ಹುಡುಗಿಗೆ ಮದುವೆಯಾಗಿದೆಯಾ ಎಂದು ಕೇಳಿದನಂತೆ. ಇಸಾಕ್ ಅದನ್ನು ತಿರುಗಿಸಿ ಹೇಳುವಾಗ ನಗಲಿಲ್ಲ.

ನನ್ನ ಕಿವಿ ಬಿಸಿಯಾಯಿತು. ಹಂಗೇರಿಯ ಆಚೆ ಯೆಹೂದಿಗಳೇ ಇಲ್ಲವೆಂಬಂತೆ ಮಾತಾಡಿದ್ದೆ. ನಮ್ಮ ಮನೆಯಲ್ಲಿ ಪಾಪವಾದದ್ದು ಅವರ ಮನೆಯಲ್ಲಿ ಗೌರವ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

“ಇನ್ನೊಂದು ಹೇಳ್ಲಾ?” ಎಂದ ಇಸಾಕ್, ಫೋನು ಕೆಳಗಿಟ್ಟ ಮೇಲೆ. “ಯಾರೋ ಈಕೆಯ ಅಜ್ಜಿ ಯಾರು ಅಂತ ಕೇಳಿ ಈಕೆ ಯೆಹೂದಿ ಅಲ್ಲ ಅಂದ್ರು. ನೀವು ನನ್ನ ಅಜ್ಜ ಯಾರು ಅಂತ ಕೇಳಿ ನಾನು ಯೆಹೂದಿ ಅಲ್ಲ ಅಂದ್ರಿ. ಅವನಿಗೂ ನಿಮಗೂ ಏನ್ರೀ ವ್ಯತ್ಯಾಸ?”

ತಪ್ಪಾಯಿತು ಎಂದೆ. ಎರಡು ಸಲ ಹೇಳಿದೆ.

ಅವನು ಎದ್ದು ಹೋಗಬಹುದಿತ್ತು. ಹೋಗದಿದ್ದದ್ದು ಬ್ಲಾಂಕಾಳ ಪುಣ್ಯ. ಅವಳು ನನ್ನ ಫೋನನ್ನು ಅವನ ಕಡೆ ತಿರುಗಿಸಿ, ಈ ಫೋಟೊ ಯಾರು ತೆಗೆದದ್ದು, ನೆನಪಿದೆಯಾ ಎಂದು ಕೇಳಿದಳು. ತನ್ನ ಕೆಲಸ ಹೋಗುವುದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಭಾನುವಾರ ತನ್ನನ್ನು ತೆಗೆದುಹಾಕಿದರೆ ಮಕ್ಕಳಿಗೆ ಏನೆಂದು ಹೇಳುತ್ತಾರೋ ಎಂದಷ್ಟೇ ಅಂದಳು. ಒಂದು ಮಗು ಅವಳಿಲ್ಲದೆ ಕೋಟು ಹಾಕಿಸಿಕೊಳ್ಳುವುದಿಲ್ಲವಂತೆ.

ಇಸಾಕ್ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಎಲ್ಲವೂ ಒಂದೇ ದಿನದವು ಎಂದ. ಹೋದ ವರ್ಷ ಪರ್ಣಶಾಲೆ ಹಬ್ಬದಲ್ಲಿ, ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಹಾಕಿದ್ದ ಸೊಪ್ಪಿನ ಚಪ್ಪರದ ಕೆಳಗೆ. ಆಗ ಅವನು ಈ ಊರಿಗೆ ಬಂದು ಸ್ವಲ್ಪ ದಿನವಾಗಿತ್ತು, ಯಾರ ಪರಿಚಯವೂ ಇರಲಿಲ್ಲ. ಒಬ್ಬ ಹೆಂಗಸು ತಾನಾಗಿ ಬಂದು ಪಕ್ಕದಲ್ಲಿ ಕೂತು, ತಟ್ಟೆ ತುಂಬ ಬಡಿಸಿ, ಊರು ಕೇರಿ ವಿಚಾರಿಸಿದರಂತೆ. ಎಷ್ಟು ಚೆನ್ನಾಗಿದ್ದೀಯಪ್ಪ, ಇರು ಎಂದು ತಮ್ಮ ಫೋನಿನಲ್ಲೇ ಫೋಟೊ ತೆಗೆದರಂತೆ.

“ನನಗೊಬ್ಬಳು ಮಗಳಿದಾಳೆ ಅಂದ್ರು. ಹೊತ್ತು ಹೊತ್ತಿಗೆ ಊಟ ಮಾಡಲ್ಲ, ಊರವರು ಕಳ್ಕೊಂಡಿದ್ದನ್ನ ಹುಡುಕಿಕೊಡೋದೇ ಅವಳ ಕೆಲಸ, ತನಗೆ ಬೇಕಾದ್ದನ್ನ ಮಾತ್ರ ಹುಡುಕ್ಕೊಳ್ಳಲ್ಲ ಅಂದ್ರು. ಅವಳಿಗೆ ನಿನ್ನ ಫೋಟೊ ತೋರಿಸ್ತೀನಿ ಅಂತ ಹೇಳಿ ಹೋದ್ರು. ಆಮೇಲೆ ಸುದ್ದಿಯೇ ಇಲ್ಲ.”

ಬ್ಲಾಂಕಾ ನನ್ನ ಕಡೆ ನೋಡಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ.

ಈ ಊರಿನಲ್ಲಿ ಊಟ ಮಾಡದ ಹೆಣ್ಣುಮಕ್ಕಳಿಗೆ ಬರವಿಲ್ಲ, ಅವರನ್ನು ದೂರುವ ತಾಯಂದಿರಿಗೂ ಬರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆಸರು ಏನಂತೆ ಎಂದು ಕೇಳಿದೆ. ಅವನಿಗೆ ಹೆಸರು ಗೊತ್ತಿರಲಿಲ್ಲ. ಆದರೆ ಒಂದು ಫೋಟೊ ಅವರೇ ಅವನಿಗೆ ಕಳಿಸಿದ್ದರು, ಅಜ್ಜನಿಗೆ ತೋರಿಸಲು ಅವನು ಇಟ್ಟುಕೊಂಡಿದ್ದ.

ಅವನು ಅದನ್ನು ತೆರೆದು ನನ್ನ ಮುಂದೆ ಹಿಡಿದ. ‘ಚಪ್ಪರ’ದಲ್ಲಿ ಇದ್ದದ್ದೇ ಫೋಟೊ, ಆದರೆ ಇದು ಕತ್ತರಿಸದೆ ಇಡಿಯಾಗಿತ್ತು. ಅವನ ಭುಜದ ಮೇಲೆ ಒಂದು ಹೆಂಗಸಿನ ಕೈ. ಬೂದು ಬಣ್ಣದ ಉಣ್ಣೆಯ ಅಂಗಿಯ ತೋಳು. ತೋಳಿನ ತುದಿಯಲ್ಲಿ ಎರಡು ಗುಂಡಿ, ಒಂದು ಕಂದು, ಒಂದು ನೀಲಿ.

ನೀಲಿ ಗುಂಡಿಯನ್ನು ಬಿಳಿ ದಾರದಲ್ಲಿ ಹೊಲಿಯಲಾಗಿತ್ತು. ದಾರ ಅಡ್ಡಾದಿಡ್ಡಿಯಾಗಿ ಹೊರಗೆ ಕಾಣುತ್ತಿತ್ತು. ಹೊಲಿಗೆ ಬಾರದವಳು ಹೊಲಿದದ್ದು.

ಹೊಲಿದವಳು ನಾನು.

ಗೊತ್ತಾಯಿತಾ ಅಕ್ಕ ಎಂದು ಬ್ಲಾಂಕಾ ಕೇಳಿದಳು. ಇನ್ನೂ ಇಲ್ಲ, ಸಂಜೆಯೊಳಗೆ ತಿಳಿಸುತ್ತೇನೆ ಎಂದೆ. ಸುಳ್ಳು ಹೇಳುವಾಗ ಕಣ್ಣು ಎಲ್ಲಿಡಬೇಕೆಂದು ಗೊತ್ತಿದ್ದೂ ಕೇಕಿನ ಚೂರುಗಳನ್ನೇ ನೋಡುತ್ತಿದ್ದೆ. ಇಸಾಕ್ ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಬ್ಲಾಂಕಾಳನ್ನು ಟ್ರಾಮಿನವರೆಗೆ ಬಿಟ್ಟುಬರುತ್ತೇನೆ ಎಂದು ಎದ್ದ.

ಅಮ್ಮನ ಮನೆಯಿರುವ ಕ್ಲೌಜಾಲ್ ಚೌಕದವರೆಗೆ ನಡೆದೇ ಹೋದೆ. ಚಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಚಳಿಗೇ ಎಂದುಕೊಳ್ಳಿ. ದಾರಿಯುದ್ದಕ್ಕೂ ಅಮ್ಮನ ಪರವಾಗಿ ನಾನೇ ವಕಾಲತ್ತು ಮಾಡಿದೆ, ನಾನೇ ಸೋತೆ.

ಆಂದೋರ್‌ನನ್ನು ಬಲೆಗೆ ಕೆಡವಲು ನಾನು ಹೆಡಿ ಎಂಬ ಹೆಸರಿನಲ್ಲಿ, ಯಾರದೋ ಫೋಟೊ ಹಾಕಿ, ‘ಚಪ್ಪರ’ದಲ್ಲಿ ಅವನಿಗೆ ಬರೆದಿದ್ದೆ. ಮೊದಲ ದಿನ ಅವನು ಎಲ್ಲರ ಹತ್ತಿರ ಮಾತಾಡುವ ಹಾಗೆಯೇ ಮಾತಾಡಿದ. ಎರಡನೆಯ ದಿನ ನಾನು ಬರೆಯಲು ಸೋಮಾರಿತನವಾಗಿ ನಾಲ್ಕು ಮಾತು ಧ್ವನಿಯಲ್ಲೇ ಕಳಿಸಿದೆ. ಅವತ್ತಿನಿಂದ ಅವನ ಧಾಟಿಯೇ ಬದಲಾಯಿತು. ಗಂಟಲು ಕಟ್ಟಿದ ಹಾಗಿದೆ, ಬಿಸಿನೀರು ಕುಡಿ ಎಂದ. ಊಟ ಆಯ್ತಾ ಎಂದ. ಕುತ್ತಿಗೆಗೆ ಏನಾದರೂ ಸುತ್ತಿಕೊಂಡು ಹೋಗು ಎಂದ. ಎಂಥ ನಾಜೂಕಿನ ಕಳ್ಳ ಎಂದು ಹಲ್ಲು ಕಡಿದಿದ್ದೆ. ಮೂವರೂ ಹುಡುಗಿಯರಿಗೆ ಕೇಳಿದ ಆ ಪ್ರಶ್ನೆಯನ್ನು ನನಗೆ ಮಾತ್ರ ಇವತ್ತಿನವರೆಗೂ ಕೇಳಿರಲಿಲ್ಲ. ಅನುಮಾನ ಬಂದಿದೆ, ಅದಕ್ಕೇ ಕೇಳುತ್ತಿಲ್ಲ ಎಂದು ನಾನು ನನ್ನ ಬುದ್ಧಿವಂತಿಕೆಯಲ್ಲಿ ಲೆಕ್ಕ ಹಾಕಿದ್ದೆ. ಬೆಪ್ಪುತಕ್ಕಡಿ.

ಅಮ್ಮ ನಿವೃತ್ತಿಯಾಗುವವರೆಗೆ ಒಂದು ಮಹಿಳಾ ವಾರಪತ್ರಿಕೆಯಲ್ಲಿದ್ದಳು. ಪ್ರೀತಿ ಪ್ರೇಮದ ತಾಪತ್ರಯ ಬರೆದು ಕಳಿಸುವ ಓದುಗರಿಗೆ ಗಂಡಸಿನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದಳು. ಓದುಗರು ಆ ಗಂಡಸಿಗೆ ಮದುವೆಯ ಪ್ರಸ್ತಾಪ ಕಳಿಸುತ್ತಿದ್ದರು. ಮನೆಯಲ್ಲಿ ನಾವು ನಗುತ್ತಿದ್ದೆವು.

ನನ್ನ ಹತ್ತಿರ ಮನೆಯ ಬೀಗದ ಕೈ ಇತ್ತು. ಸದ್ದಿಲ್ಲದೆ ಒಳಗೆ ಹೋದೆ. ಕೋಳಿ ಸಾರಿನ ವಾಸನೆ ಮೆಟ್ಟಿಲಿನವರೆಗೂ ಬಂದಿತ್ತು. ಹಜಾರದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶುಕ್ರವಾರದ ಎರಡು ದೀಪ ಇಟ್ಟಾಗಿತ್ತು, ಇನ್ನೂ ಹಚ್ಚಿರಲಿಲ್ಲ. ಜಡೆಯಂತೆ ಹೆಣೆದ ಬ್ರೆಡ್ಡು ವಸ್ತ್ರದ ಕೆಳಗಿತ್ತು. ತಟ್ಟೆಗಳು ಮೂರು ಇದ್ದವು. ಅಪ್ಪ ಹೋದ ಮೇಲೆ ಆ ಮೇಜಿಗೆ ಎಂದೂ ಎರಡಕ್ಕಿಂತ ಹೆಚ್ಚು ತಟ್ಟೆ ಬಂದಿರಲಿಲ್ಲ.

ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಅಮ್ಮ ಆ ಕಡೆ ತಿರುಗಿ ಕ್ಯಾರೆಟ್ಟು ಹೆಚ್ಚುತ್ತಿದ್ದಳು. ಮೈಮೇಲೆ ಅದೇ ಬೂದು ಅಂಗಿ. ನಾನು ಹಜಾರದಲ್ಲಿ ನಿಂತು ಹೆಡಿಯಾಗಿ ಆಂದೋರ್‌ಗೆ ಬರೆದೆ: ನನ್ನ ಅಮ್ಮನ ಅಮ್ಮ ಯಾರು ಅಂತ ನೀವು ಕೇಳಲೇ ಇಲ್ಲವಲ್ಲ?

ಬ್ರೆಡ್ಡಿನ ಡಬ್ಬಿಯ ಒಳಗಿಂದ ಟಿಣ್ ಎಂಬ ಸದ್ದು ಬಂತು.

ಅಮ್ಮ ಚಾಕು ಕೆಳಗಿಟ್ಟಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಡಬ್ಬಿಯಿಂದ ನಾನೆಂದೂ ನೋಡಿರದ ಒಂದು ಫೋನು ತೆಗೆದು ಓದಿದಳು. ಓದಿದ ಮೇಲೆ ತಿರುಗಲಿಲ್ಲ.

“ಬಂದು ಎಷ್ಟೊತ್ತಾಯ್ತೇ? ಬೂಟು ಬಿಚ್ಚಿ ಬಂದ್ಯಾ?”

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಹೆತ್ತ ತಾಯಿ ಎಂದೂ ನೋಡಲಿಲ್ಲ. ಆ ಹುಡುಗಿ ನಿನಗೇನು ಮಾಡಿದ್ದಳು, ಅವಳ ಅಜ್ಜಿ ನಿನ್ನ ಗಂಟು ತಿಂದಿದ್ದಳಾ, ಹುಡುಗಿಯರ ಪ್ರೀತಿಯ ಮೇಲೆ ಬೇಳೆ ಬೇಯಿಸಿಕೊಳ್ಳಲು ನಾಚಿಕೆಯಾಗಲಿಲ್ಲವಾ ಎಂದು ಕೇಳಿದೆ. ಕುಲ ನೋಡಿ ಜನರನ್ನು ರೈಲಿಗೆ ಹತ್ತಿಸಿದ ಊರಿನಲ್ಲಿ ಕೂತು ನೀನೇ ಕುಲ ವಿಚಾರಿಸುತ್ತೀಯಲ್ಲ ಎಂದೆ. ಆ ಮಾತಿಗೆ ಅವಳ ಬೆನ್ನು ಒಂದು ಸಲ ಅಲುಗಿತು. ಭಾನುವಾರ ಸಮಿತಿಯ ಮುಂದೆ ನಿನ್ನನ್ನು ನಿಲ್ಲಿಸುತ್ತೇನೆ, ನಿಂತು ಬ್ಲಾಂಕಾಳ ಕ್ಷಮೆ ಕೇಳುತ್ತೀಯ ಎಂದು ಮುಗಿಸಿದೆ.

ಅಮ್ಮ ಈಗ ತಿರುಗಿದಳು. ಅವಳ ಮುಖ ಸೋತಿತ್ತು, ಆದರೆ ಅದರಲ್ಲಿ ಹೆದರಿಕೆ ಇರಲಿಲ್ಲ. ತುಂಬ ದಿನದಿಂದ ಕಾಯುತ್ತಿದ್ದ ಕಾಯಿಲೆಯ ಹೆಸರನ್ನು ಡಾಕ್ಟರು ಹೇಳಿದಾಗ ಅಪ್ಪನ ಮುಖ ಹೀಗೆಯೇ ಇತ್ತು.

“ಪ್ರಶ್ನೆ ಕೇಳಿದ್ದು ನಾನೇ,” ಎಂದಳು. “ಅವಳ ಧ್ವನಿ ಹಂಚಿದ್ದು ನಾನಲ್ಲ. ಕೇಳಿಸ್ಕೊಂಡಿದ್ದನ್ನ ಒಬ್ಬರಿಗೆ ಕಳಿಸ್ಬೇಕಿತ್ತು, ಕಳಿಸ್ದೆ. ಅಷ್ಟೇ ನನ್ನ ಕೆಲಸ ಅಂದಿದ್ರು.”

“ಯಾರು ಅಂದಿದ್ದು? ಅವರು ಹೇಳಿದ್ರೆ ನೀನ್ಯಾಕಮ್ಮ ಮಾಡ್ಬೇಕು?”

ಅವಳು ಕೈಯಲ್ಲಿದ್ದ ಫೋನಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಹೆಡಿ ಕೇಳಿದ ಪ್ರಶ್ನೆ ಅಲ್ಲಿ ಹಾಗೇ ಇತ್ತು.

“ಎಲ್ಲರನ್ನೂ ಕೇಳಿದೋನು ನಿನ್ನನ್ನ ಯಾಕೆ ಕೇಳಲಿಲ್ಲ ಅಂತ ಬರ್ದಿದೀಯ. ನಿನ್ನ ಧ್ವನಿ ಗುರುತು ಸಿಕ್ತು, ಅದಕ್ಕೇ ಅಂದ್ಕೊಂಡ್ಯಾ? ಅದಲ್ಲ ಕಣೇ ಇಲ್ಕಾ. ನಿನ್ನ ಉತ್ತರ ನನಗೆ ಗೊತ್ತಿತ್ತು.”

ನನ್ನ ಅಮ್ಮನ ಅಮ್ಮ ಮಾಲ್ವಿನಾ. ಗೋಡೆಯ ಮೇಲೆ ಫೋಟೊ ಇದೆ. ಚಿಕ್ಕವಳಿದ್ದಾಗ ಅವಳ ತೊಡೆಯ ಮೇಲೆ ಕೂತು ದೀಪದ ಪ್ರಾರ್ಥನೆ ಕಲಿತಿದ್ದೆ. ಅವಳು ಕೆಲವು ಶಬ್ದಗಳನ್ನು ನುಂಗಿಕೊಂಡು ಹೇಳುತ್ತಿದ್ದಳು. ವಯಸ್ಸಾಗಿದೆ, ಮರೆತಿದ್ದಾಳೆ ಎಂದುಕೊಂಡಿದ್ದೆ. ಕಲಿತೇ ಇರಲಿಲ್ಲವೇನೋ ಎಂದು ನನಗೆ ಇವತ್ತಿನವರೆಗೆ ಅನ್ನಿಸಿರಲಿಲ್ಲ.

“ಅಮ್ಮ,” ಎಂದೆ.

“ಈ ಉತ್ತರ ನನಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತು. ಅದು ನಿನ್ನ ಕಿವಿಗೆ ಬೀಳ್ಬಾರ್ದು ಅಂತ ಅವರು ಹೇಳಿದ್ದನ್ನೆಲ್ಲ ಮಾಡ್ದೆ. ಈಗ ಹೋಗು, ಭಾನುವಾರ ನಿಲ್ಸು ನನ್ನನ್ನ. ನನ್ನ ಪಕ್ಕದಲ್ಲಿ ನಿನ್ನನ್ನೂ ನಿಲ್ಸ್ತಾರೆ.”

ಕಿಸೆಯಲ್ಲಿ ನನ್ನ ಫೋನು ಅಲುಗಿತು. ಬ್ಲಾಂಕಾ ಬರೆದಿದ್ದಳು: ಸಿಕ್ಕಿದನಾ ಅಕ್ಕ? ಭಾನುವಾರ ಬರುತ್ತೀರಲ್ಲ? ನಾನು ಅದನ್ನು ಓದಿದೆ, ಮತ್ತೆ ಓದಿದೆ. ಬರುತ್ತೇನೆ ಎಂದು ಬರೆಯಬೇಕಿತ್ತು. ಇಡೀ ದಿನ ಊರಿನ ಮೇಲೆ ಕಾರುತ್ತಿದ್ದ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಬೆರಳು ಮೇಲೇಳಲಿಲ್ಲ.

ಅಮ್ಮ ನನ್ನನ್ನು ದಾಟಿ ಹಜಾರಕ್ಕೆ ಹೋಗಿ ಬೆಂಕಿಕಡ್ಡಿ ಗೀರಿದಳು. ಒಂದು ದೀಪ ಹಚ್ಚಿದಳು. ಮೂರನೆಯ ತಟ್ಟೆಯ ಪಕ್ಕದಲ್ಲಿ ಚಮಚವನ್ನು ನೆಟ್ಟಗೆ ಇಟ್ಟಳು. ಎರಡನೆಯ ದೀಪಕ್ಕೆ ಕೈ ಚಾಚುವಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು.

“ನೀನೇ ತೆಗಿ,” ಎಂದಳು, ಕಡ್ಡಿ ಬೆರಳಿನವರೆಗೆ ಉರಿಯುತ್ತಿದ್ದರೂ ಕೆಳಗೆ ಹಾಕದೆ. “ಆ ಇನ್ನೊಬ್ಬರೇ. ನಿನ್ನನ್ನ ನೋಡ್ಬೇಕು ಅಂತಲೇ ಬರ್ತಿದಾರೆ.”